ಸುವಾರ್ತೆಯೂ ಮನೆವಾರ್ತೆಯೂ

ನಮ್ಮ ಹೈಸ್ಕೂಲಿನ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯೆಂಬ ನೆಲೆಯಿಂದ ಏನಾದರೂ ಬರೆದುಕೊಡಬೇಕೆಂದು ಹೇಳಿ ಕಳುಹಿಸಿದಾಗ, ಕ್ರಿಸ್ತನ ಶಿಷ್ಯಳಾಗಿ ದೈವಭಕ್ತಿಯಿಂದ ಬಾಳುವುದು ಹೇಗೆಂಬ ವಿಷಯವನ್ನೇ ನಾವು ಆರಿಸಿಕೊಂಡೆವು. ಈ ವಿಷಯವಾಗಿ ಪ್ರಸಂಗ ಮಾಡುವ ಅಧಿಕಾರವು ಸಭಾಪಾಲಕರದು. ನಮಗಿರುವುದು ಪುತ್ತೂರು, ಸುಳ್ಯ, ಕಡಬದ ಸೀಮೆಯಲ್ಲಿ ಮನೆ ನಡೆಸಿದ ಅನುಭವ ಮಾತ್ರ. ಆದರೂ ಶಿಷ್ಯತ್ವವೆಂಬುದು ದೇವಾಲಯದಲ್ಲಿ ಎಷ್ಟು ಕೇಳಿಬರುವುದೋ ಅಷ್ಟೇ ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ಕಂಡುಬರಬೇಕಾದುದರಿಂದ, ಎರಡು ಮಾತು ಹೇಳುವುದು ಅನುಚಿತವಾಗಲಾರದೆಂದು ನಂಬುತ್ತೇವೆ.

ಸುವಾರ್ತೆಯೆಂಬ ಶಬ್ದವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತೆವು. ಮನೆವಾರ್ತೆಯೆಂಬ ಶಬ್ದವನ್ನು ಶಾಲೆ ಬಿಟ್ಟ ಮೇಲೆ ಕಲಿತೆವು. ಎರಡರ ಕೊನೆಯಲ್ಲಿಯೂ ಇರುವುದು ಒಂದೇ ಮಾತು. ವಾರ್ತೆಯೆಂದರೆ ಸಮಾಚಾರವೆಂಬ ಅರ್ಥವಿರುವಂತೆಯೇ, ಕೃಷಿ, ಗೋರಕ್ಷಣೆ, ವ್ಯಾಪಾರಗಳಿಂದ ನಡೆಯುವ ಜೀವನೋಪಾಯವೆಂಬ ಅರ್ಥವೂ ಪೂರ್ವದಿಂದ ಉಂಟು. ನಮ್ಮ ನೆರೆಯವರು ಸತ್ಯವೇದವನ್ನು ತೆರೆದು ಓದುವುದು ಅಪರೂಪ. ಆದರೆ ನಮ್ಮ ಮನೆವಾರ್ತೆಯನ್ನು ಅವರು ಪ್ರತಿದಿನ ಓದುತ್ತಾರೆ. ಅಲ್ಲಿ ಅವರಿಗೆ ಸುವಾರ್ತೆಯ ಒಂದಕ್ಷರವಾದರೂ ಸಿಕ್ಕೀತೇ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಒಂದೇ ದಾರಿಯಿಂದ ಬಂದವರೂ ಅಲ್ಲ. ಕೊಂಕಣಿ ಮಾತಾಡುವ ಕಥೋಲಿಕರು ಬಹುಕಾಲದಿಂದ ಇಲ್ಲಿರುವರು. ಬಾಸೆಲ್ ಮಿಶನಿನ ಮೂಲಕ ನಂಬಿಕೆಗೆ ಬಂದ ತುಳು, ಕನ್ನಡ ಮನೆತನಗಳವರು ಇರುವರು. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನ ಕಡೆಯಿಂದ ಕಾಡುನೆಲವನ್ನು ಕೊಂಡು ಕೃಷಿ ಮಾಡಲು ಬಂದ ಮಲೆಯಾಳಿ ಸುರಿಯಾನಿ ಕ್ರೈಸ್ತರು ಕಡಬದ ಸುತ್ತಮುತ್ತ ನೆಲಸಿರುವರು. 1964ರ ಒಪ್ಪಂದದ ತರುವಾಯ ಸಿಂಹಳದಿಂದ ಹಿಂದಿರುಗಿದ ತಮಿಳರು ಸುಳ್ಯ, ಪುತ್ತೂರು ಕಡೆಯ ಸರಕಾರಿ ರಬ್ಬರು ತೋಟಗಳಲ್ಲಿ ದುಡಿಯಲಾರಂಭಿಸಿದರು. ಅವರಲ್ಲಿಯೂ ಕರ್ತನನ್ನು ನಂಬಿದವರಿದ್ದರು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಕೂಡಿಸಿ 2018ರಲ್ಲಿ ಕಡಬವೇ ಒಂದು ತಾಲೂಕಾಯಿತು. ನಮ್ಮ ಸಭೆಗಳ ಭೇದಗಳು ನಮಗೆ ದೊಡ್ಡವಾಗಿ ಕಂಡರೂ ಸಂತೆಯಲ್ಲಿ ನಮ್ಮನ್ನು ಕಾಣುವವರಿಗೆ ನಾವೆಲ್ಲರೂ ಒಂದೇ ಹೆಸರಿನವರು. ಒಬ್ಬರು ಅಳತೆ ತಪ್ಪಿದರೆ ಎಲ್ಲರ ಹೆಸರೂ ಕೆಡುತ್ತದೆ.

ಶಿಷ್ಯತ್ವಕ್ಕೂ ದುಡಿಮೆಗೂ ಈ ಜಿಲ್ಲೆಯಲ್ಲಿ ಮೊದಲಿಂದಲೂ ಬಿಡಿಸಲಾರದ ಗಂಟುಂಟು. 1834ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಮಂಗಳೂರಿಗೆ ಬಂದರು. 1847ರ ಹೊತ್ತಿಗೆ ಹೊಸ ಒಡಂಬಡಿಕೆಯು ತುಳುವಿನಲ್ಲಿ ಅಚ್ಚಾಯಿತು. ಆದರೆ ದೀಕ್ಷಾಸ್ನಾನ ಹೊಂದಿದವರಿಗೆ ಆ ದಿನವೇ ಒಕ್ಕಲು ತಪ್ಪುತ್ತಿತ್ತು, ಕುಲಕಸುಬು ತಪ್ಪುತ್ತಿತ್ತು, ಊರ ಬಾವಿಯ ನೀರು ಸಹ ತಪ್ಪುವುದಿತ್ತು. 1844ರಲ್ಲಿ ಮಂಗಳೂರಿನ ವಿದ್ಯಾರ್ಥಿ ಆನಂದರಾವ್ ಕೌಂಡಿನ್ಯರು ಕ್ರಿಸ್ತನನ್ನು ಅಂಗೀಕರಿಸಿದಾಗ ಬಂಧುವರ್ಗವನ್ನೇ ಬಿಡಬೇಕಾಯಿತು. ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ತಾಯ್ನಾಡಿಗೇ ಹಿಂದಿರುಗಿದರು. ಅವರಂತೆ ವಿದ್ಯೆಯಿಲ್ಲದ ಬಡವರ ಗತಿಯೇನು? ಅವರಿಗಾಗಿಯೇ ನೇಯ್ಗೆಯ ಶಾಲೆಗಳೂ, 1865ರಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದವು. ಹೀಗಿರಲಾಗಿ, ನಮ್ಮ ಹಿರಿಯರು ಪ್ರಾರ್ಥನೆಯನ್ನೂ ಪ್ರಾಮಾಣಿಕವಾದ ದುಡಿಮೆಯನ್ನೂ ಒಂದೇ ಪಾಠವಾಗಿ ಕಲಿತರು. ನಾವು ಅವುಗಳನ್ನು ಎರಡು ಮಾಡಿದರೆ ಅವರ ಕಷ್ಟವನ್ನು ವ್ಯರ್ಥಮಾಡಿದಂತಾಯಿತು.

ಮೊದಲನೆಯದಾಗಿ ಅಳತೆಯ ಮಾತು. ನಮ್ಮ ಕಡೆ ಅಡಿಕೆಯೇ ಹಣ. ಚಾಲಿ ಅಡಿಕೆಯ ಚೀಲದ ಅಡಿಯಲ್ಲಿ ನಾಲ್ಕು ಸೇರು ಪಟೋರವನ್ನು ಸೇರಿಸುವುದಾಗಲಿ, ಸರಿಯಾಗಿ ಒಣಗದ ರಬ್ಬರು ಶೀಟನ್ನು ತೂಕಕ್ಕೆ ಹಾಕುವುದಾಗಲಿ ಪಾಪವೆಂದು ಎಷ್ಟೋ ಜನರಿಗೆ ತೋರುವುದೇ ಇಲ್ಲ. ಅದು ವ್ಯಾಪಾರದ ಜಾಣತನವೆನಿಸುತ್ತದೆ. ಕೂಲಿಯ ವಿಷಯವೂ ಹಾಗೆಯೇ. ನಮ್ಮ ಮಾವನವರು ಶನಿವಾರ ಬೆಳಕಿರುವಾಗಲೇ ಬಟವಾಡೆ ಮಾಡುತ್ತಿದ್ದರು. ಕೈಯಲ್ಲಿ ಹಣವಿಲ್ಲದ ವಾರ ಅಡಿಕೆಯನ್ನು ಕಡಿಮೆ ಕ್ರಯಕ್ಕೆ ಕೊಟ್ಟಾದರೂ ತಂದು ಹಂಚಿದ್ದುಂಟು. ‘ಸೋಮವಾರ ಬಾ ಎಂದರೆ ಅವರ ಮಕ್ಕಳು ಭಾನುವಾರ ಉಪವಾಸ, ನಾವು ಮಾತ್ರ ಉಂಡು ದೇವಾಲಯಕ್ಕೆ ಹೋಗುವುದೋ?’ ಎಂದು ಅವರು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಿದವರನ್ನು ನಾವು ಕಾಣಲಿಲ್ಲ.

ಎರಡನೆಯದು ಪಾತ್ರೆಯ ಮಾತು. ಪೂರ್ವದಲ್ಲಿ ಈ ಸೀಮೆಯ ತೋಟಗಳಲ್ಲಿ, ಕೀಳೆಂದು ಎಣಿಸಲ್ಪಟ್ಟ ಜಾತಿಯ ಆಳುಗಳಿಗೆ ನೀರನ್ನೂ ಗಂಜಿಯನ್ನೂ ಗೆರಟೆಯಲ್ಲಿ ಕೊಡುವ ಪದ್ಧತಿಯಿತ್ತು. ಬೇರೆಯವರ ಕಥೆಯೇಕೆ? ಕ್ರೈಸ್ತರ ಮನೆಗಳಲ್ಲಿಯೂ ಆಳಿನ ಲೋಟವು ಗೋಡೆಯ ಹೊರಗಿನ ಮಾಡದಲ್ಲಿ ಬೇರೆ ಇರುತ್ತಿತ್ತು. ನಾವು ಮದುವೆಯಾಗಿ ಬಂದ ವರುಷ ತೋಟದ ಕೆಲಸಕ್ಕೆ ಮುದುಕಿಯೊಬ್ಬಳು ಬರುತ್ತಿದ್ದಳು. ನಮ್ಮ ಅತ್ತೆಯವರು ಮನೆಯವರು ಕುಡಿಯುವ ಕಂಚಿನ ಲೋಟದಲ್ಲಿಯೇ ಅವಳಿಗೆ ನೀರು ಕೊಟ್ಟರು. ಅವಳು ಹಿಂಜರಿದು, ‘ಬೇಡ ಅಮ್ಮಾ, ಕೈಗೇ ಹೊಯ್ಯಿರಿ’ ಎಂದು ಬೊಗಸೆಯೊಡ್ಡಿದಳು. ಎಂಟು ಹತ್ತು ದಿನ ಹಾಗೆಯೇ ನಡೆಯಿತು. ಒಂದು ದಿನ ಅತ್ತೆಯವರು ಜಗಲಿಯಲ್ಲಿ ಅವಳ ಪಕ್ಕದಲ್ಲಿ ಕುಳಿತು, ಅರ್ಧ ಲೋಟ ತಾವು ಕುಡಿದು ಉಳಿದುದನ್ನು ಅವಳ ಕೈಗಿತ್ತರು. ಅವಳು ಬಹಳ ಹೊತ್ತು ಲೋಟವನ್ನು ನೋಡುತ್ತ ಕುಳಿತಿದ್ದು, ಆಮೇಲೆ ಕುಡಿದಳು.

ಮನೆಗೆ ಬಂದಿದ್ದ ನಂಟರೊಬ್ಬರು, ಅವರೂ ಸಭೆಯವರೇ, ಇದೇನು ಎಂದು ಮುಖ ಸಿಂಡರಿಸಿದರು. ಅತ್ತೆಯವರು ಸ್ವರವೆತ್ತದೆ, ‘ಕರ್ತನ ಭೋಜನದಲ್ಲಿ ನಾವೆಲ್ಲ ಒಂದೇ ಪಾತ್ರೆಯಿಂದ ಕುಡಿಯುತ್ತೇವಲ್ಲ. ಮನೆಗೆ ಬಂದ ಕೂಡಲೆ ಎರಡು ಪಾತ್ರೆ ಎಲ್ಲಿಂದ ಬಂತು?’ ಎಂದರು. ಆ ನಂಟರು ಆ ಬಳಿಕ ನಮ್ಮ ಮನೆಯಲ್ಲಿ ಊಟಕ್ಕೆ ನಿಲ್ಲಲಿಲ್ಲ. ಅತ್ತೆಯವರಿಗೆ ದುಃಖವಾದುದು ನಿಜ. ಆದರೆ ಲೋಟ ಬದಲಾಗಲಿಲ್ಲ.

ಮೂರನೆಯದು ಮದುವೆಯ ಮಾತು. ಹೆಣ್ಣು ಮಕ್ಕಳ ತಾಯ್ತಂದೆಗಳು ಇದನ್ನು ಓದುತ್ತಿರುವರಾದ ಕಾರಣ ಇದನ್ನು ಮರೆಮಾಡದೆ ಹೇಳಬೇಕು. ವರದಕ್ಷಿಣೆಯನ್ನು ನಿಷೇಧಿಸುವ ಶಾಸನವು 1961ರಲ್ಲಿಯೇ ಆಯಿತು. ಅದಕ್ಕಿಂತ ಎಷ್ಟೋ ಮುಂಚೆ ನಮ್ಮ ಕರ್ತನು ಹೆಣ್ಣುಗಂಡೆಂಬ ಹೆಚ್ಚುಕಡಿಮೆಯಿಲ್ಲದೆ ಎಲ್ಲರನ್ನೂ ಕರೆದನು. ಆದರೂ ಮಾತುಕತೆಗೆ ಕುಳಿತಾಗ ಶಾಸನವೂ ಮರೆಯುತ್ತದೆ, ಸುವಾರ್ತೆಯೂ ಮರೆಯುತ್ತದೆ. ನಮ್ಮ ಮಗಳನ್ನು ನೋಡಲು ಬಂದವರು ಭಕ್ತಿವಂತರೆಂದು ಹೆಸರಾದ ಮನೆತನದವರು. ಕುಳಿತ ಕೂಡಲೆ ದೀರ್ಘವಾಗಿ ಪ್ರಾರ್ಥಿಸಿದರು. ಕಾಪಿಯಾದ ಮೇಲೆ ಬಂಗಾರದ ಪವನುಗಳನ್ನು ಎಣಿಸಿದರು. ಅವರು ಹೋದ ಬಳಿಕ ನಮ್ಮ ಯಜಮಾನರು ತೋಟದ ಒಂದು ಭಾಗವನ್ನು ಮಾರುವುದೋ ಎಂದು ಚಿಂತಿಸುತ್ತ ಕುಳಿತಿದ್ದರು. ಆಗ ಮಗಳು ಬಂದು, ‘ಅಪ್ಪಾ, ಪ್ರಾರ್ಥನೆಯೂ ಲೆಕ್ಕವೂ ಒಂದೇ ಬಾಯಿಂದ ಬಂತು. ನಾನು ಯಾವುದಕ್ಕೆ ಆಮೆನ್ ಹೇಳಲಿ?’ ಎಂದಳು.

ಸಂಬಂಧ ಮುರಿಯಿತು. ಅನಂತರ ಬಂದ ಎರಡು ಮೂರು ಸಂಬಂಧಗಳೂ ಅದೇ ಕಲ್ಲಿಗೆ ಎಡವಿ ನಿಂತವು. ಅವಳು ಈಗ ಸುಳ್ಯದ ಕಡೆಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿರುವಳು, ಮದುವೆಯಾಗಿಲ್ಲ. ಸತ್ಯದ ಪಕ್ಷ ಹಿಡಿದವರಿಗೆ ಕೊನೆಗೆ ಎಲ್ಲವೂ ಕೂಡಿಬಂತೆಂದು ಹೇಳಿದರೆ ಲೇಖನಕ್ಕೆ ಶೋಭೆಯಾದೀತು. ಆದರೆ ಹಾಗೆ ನಡೆಯಲಿಲ್ಲ. ನೆಂಟರಿಷ್ಟರ ಮದುವೆಗಳಿಗೆ ಹೋಗಿ ಬಂದ ರಾತ್ರಿ ತಾಯಿಯ ಮನಸ್ಸಿಗೆ ಏನಾಗುವುದೆಂದು ಬರೆಯಬೇಕಾಗಿಲ್ಲ. ಶಿಷ್ಯರಾಗಬೇಕೆನ್ನುವವರು ಶಿಲುಬೆಯನ್ನು ಹೊರಬೇಕೆಂದು ಕೇಳುವಾಗ ನಾವು ದೂರದ ಹುತಾತ್ಮರನ್ನು ನೆನಸುತ್ತೇವೆ. ನಮ್ಮ ಸೀಮೆಯಲ್ಲಿ ಅದು ಹೆಚ್ಚಾಗಿ ಇಂಥ ರೂಪದಿಂದಲೇ ಬರುತ್ತದೆ.

ಇಂಥ ಸಮಯದಲ್ಲಿ ನಮ್ಮನ್ನು ಬಲಪಡಿಸಿದುದು ಹೆಂಗಸೊಬ್ಬರ ಚರಿತ್ರೆ. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯು ನೇತ್ರಾವತಿಯನ್ನು ಕೂಡುವುದನ್ನು ನಾವೆಲ್ಲ ಬಲ್ಲೆವು. ಆ ನೇತ್ರಾವತಿಯ ಮೂಲವೆಂದು ಹೇಳುವ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ, ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು, ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಾಲದಲ್ಲಿ, ಹೆಂಡತಿಗೂ ಅದನ್ನು ಕಲಿಸಿದವರು. ತಾಯಿ ಮಗಳಿಗೆ ಕಲಿಸಿದರು. ಬರಗಾಲದ ಸಂಕಟದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು, ಅಣ್ಣನೊಡನೆ ದೇಶವನ್ನೆಲ್ಲ ಸುತ್ತಿ, 1878ರಲ್ಲಿ ಕಲ್ಕತ್ತೆಯ ವಿದ್ವಾಂಸರಿಂದ ಪಂಡಿತೆಯೆನಿಸಿಕೊಂಡರು. ಮದುವೆಯಾಗಿ ಎರಡು ವರುಷಗಳೊಳಗೆ, 1882ರಲ್ಲಿ, ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು.

ಅವರ ಪಾಂಡಿತ್ಯಕ್ಕಿಂತಲೂ ಅವರ ಮನೆವಾರ್ತೆಯೇ ನಮಗೆ ಹೆಚ್ಚು ಕಲಿಸಿತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದಾಗ, ಅಲ್ಲಿಗೆ ಬಂದ ಹಿಂದೂ ಹೆಣ್ಣು ಮಕ್ಕಳು ತಮ್ಮ ಆಚಾರದಂತೆ ಅಡಿಗೆ ಮಾಡಿಕೊಳ್ಳಲು ಅವಕಾಶವಿತ್ತರು. ಆದರೆ ತಾವು ಪ್ರಾರ್ಥಿಸುವ ಕೋಣೆಯ ಬಾಗಿಲನ್ನು ಮುಚ್ಚಲಿಲ್ಲ. ಹತ್ತಿರದವರು ಸಿಟ್ಟಾದರು, ಎಷ್ಟೋ ಮಂದಿ ಮಕ್ಕಳನ್ನು ಕರೆದೊಯ್ದರು. ಇತ್ತ ಕ್ರೈಸ್ತರಲ್ಲಿ ಕೆಲವರು ಇವರ ಭಕ್ತಿ ಸಾಲದೆಂದರು. ಎರಡು ಕಡೆಯ ನಿಂದೆಯನ್ನೂ ತಾಳಿಕೊಂಡರು. 1896ರಿಂದ 1897ರವರೆಗಿನ ಕ್ಷಾಮದಲ್ಲಿ ತಾವೇ ಹೋಗಿ ನೂರಾರು ಅನಾಥೆಯರನ್ನು ಕರೆತಂದು, ಪುಣೆಯ ಬಳಿಯ ಕೇಡಗಾಂವದಲ್ಲಿ ಅವರಿಗೆ ಅನ್ನ, ಅಕ್ಷರ, ನೇಯ್ಗೆ, ಬೇಸಾಯ, ಅಚ್ಚುಕೆಲಸಗಳನ್ನು ಕೊಟ್ಟರು. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿಕೊಂಡಳು. ರಮಾಬಾಯಿ ಮರಾಠಿಗೆ ಸತ್ಯವೇದವನ್ನು ಪರಿವರ್ತಿಸುವ ಕೆಲಸವನ್ನು ಬಿಡದೆ ನಡೆಸಿ, 1922ರಲ್ಲಿ ಕಣ್ಮುಚ್ಚಿದರು. ಅನ್ನವನ್ನು ಬಲೆಯಾಗಿ ಒಡ್ಡದೆ, ನಂಬಿಕೆಯನ್ನು ಅಡಗಿಸದೆ ಬಾಳುವುದು ಸಾಧ್ಯವೆಂದು ಅವರಿಂದ ತಿಳಿಯಿತು. ಅನ್ಯಮತದವರ ನಡುವೆ ಬಾಳುವ ನಮಗೆ ಇದಕ್ಕಿಂತ ಬೇಕಾದ ಪಾಠ ಬೇರೆಯಿಲ್ಲ.

ನಮ್ಮ ಭಾಷೆಯಲ್ಲಿ ಪ್ರವಾಹಕ್ಕೂ ನೆರೆಯೆನ್ನುತ್ತೇವೆ, ಪಕ್ಕದ ಮನೆಗೂ ನೆರೆಯೆನ್ನುತ್ತೇವೆ. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿ ಉಕ್ಕಿ ಬಂದಾಗ ದಡದವರನ್ನು ಉಳಿಸಿದುದು ಅಕ್ಕಪಕ್ಕದವರ ದೋಣಿಯೂ ಗಂಜಿಯೂ ಅಲ್ಲದೆ ಮತ್ತೇನು? ನೆರೆ ಬಂದಾಗ ನೆರೆ ಬರಬೇಕು. ಹಾಗೆ ಬರುವವರ ಪಂಕ್ತಿಯಲ್ಲಿ ಕ್ರಿಸ್ತನ ಶಿಷ್ಯರು ಇರಬೇಕು. ಹಾಗೆ ಬಂದ ಅನ್ಯಮತದವರ ಉಪಕಾರವನ್ನು ತಲೆಬಾಗಿ ಸ್ವೀಕರಿಸಲೂ ಕಲಿಯಬೇಕು. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು ಪರಕೀಯನೇ ಆಗಿದ್ದನೆಂಬುದನ್ನು ಭಾನುವಾರ ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವಲ್ಲವೇ?

ಕೊನೆಯದಾಗಿ ಒಂದು ಮಾತು. ಕೊಳವೆ ಬಾವಿಗಳು ಬರುವುದಕ್ಕೆ ಮುಂಚೆ ನಮ್ಮ ತೋಟಗಳಿಗೆ ತೋಡಿನ ಕಟ್ಟವೇ ಆಧಾರವಾಗಿತ್ತು. ಮಳೆ ನಿಂತು ಚಳಿ ಹಿಡಿಯುವಾಗ ಭಟ್ಟರೂ ಗೌಡರೂ ಬ್ಯಾರಿಗಳೂ ನಮ್ಮವರೂ ಒಟ್ಟಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟವನ್ನು ಕಟ್ಟುತ್ತಿದ್ದರು. ಬೇಸಗೆಯಲ್ಲಿ ತೋಟವು ಹಸುರಾಗಿರುತ್ತಿತ್ತು. ಮಳೆಗಾಲದ ಮೊದಲನೆಯ ದೊಡ್ಡ ನೀರಿಗೆ ಕಟ್ಟ ಕೊಚ್ಚಿಹೋಗುತ್ತಿತ್ತು; ಮರು ವರುಷ ಪುನಃ ಕಟ್ಟುತ್ತಿದ್ದರು. ಹೋದ ವರುಷ ಕಟ್ಟಿದ್ದೇವಲ್ಲ ಎಂದು ಸುಮ್ಮನೆ ಕುಳಿತವನ ತೋಟ ಫಾಲ್ಗುಣದೊಳಗೆ ಒಣಗುತ್ತಿತ್ತು. ದೈವಭಕ್ತಿಯೂ ಇಂಥದೇ. ಶಾಲೆಯಲ್ಲಿ ಬಾಯಿಪಾಠ ಮಾಡಿದ ವಚನಗಳೂ, ಸಭೆಯ ಮುಂದೆ ನಿಂತು ನಂಬಿಕೆಯನ್ನು ಸ್ಥಿರಪಡಿಸಿಕೊಂಡ ದಿನವೂ ಒಂದು ಕಾಲದ ಕಟ್ಟ. ಬೆಳಗಿನ ಪ್ರಾರ್ಥನೆಯೂ ಸಂಜೆಯ ಸರಿಯಾದ ಲೆಕ್ಕವೂ ಸೇರಿ ಅದನ್ನು ದಿನದಿನಕ್ಕೂ ಕಟ್ಟಬೇಕು.

ಪ್ರಿಯ ಸಹೋದರಿಯರೇ, ನಮ್ಮ ಶಾಲೆಯಿಂದ ಹೊರಟವರು ನಾವು ಅನೇಕ ಊರುಗಳಲ್ಲಿ, ಅನೇಕ ಮನೆಗಳಲ್ಲಿ ಚದರಿರುವೆವು. ಕೆಲವರ ಕೈಯಲ್ಲಿ ದೊಡ್ಡ ಉದ್ಯೋಗ, ಕೆಲವರ ಕೈಯಲ್ಲಿ ಸೌಟು ಮಾತ್ರ. ಎರಡನ್ನೂ ಕರ್ತನು ನೋಡುತ್ತಿರುವನು, ನೆರೆಯವರೂ ನೋಡುತ್ತಿರುವರು. ತಾಯ್ತಂದೆಗಳೇ, ಹೆಣ್ಣು ಮಕ್ಕಳಿಗೆ ಬಂಗಾರವನ್ನು ಕೂಡಿಡುವ ಬದಲು ಇಲ್ಲವೆನ್ನುವ ಧೈರ್ಯವನ್ನು ಕೂಡಿಡಿರಿ. ಅವರು ಹಾಗೆ ಹೇಳಿದ ದಿನ ಅವರ ಬೆನ್ನ ಹಿಂದೆ ನಿಲ್ಲಿರಿ. ನಮ್ಮೆಲ್ಲರ ಮನೆವಾರ್ತೆಯು ಸುವಾರ್ತೆಗೆ ನಾಚಿಕೆ ತಾರದೆ ಇರುವಂತೆ ದೇವರು ಕೃಪೆಮಾಡಲಿ.