ಅಮ್ಮನ ಕೈಯ ಪಟ

ಮಾಮೂಲ್‌ಪೇಟೆಯ ನಮ್ಮ ಮನೆಯ ಹೊಸಲು ಎಡವಿ ಬಿದ್ದು ಅಮ್ಮನ ಮಣಿಕಟ್ಟು ಊದಿಕೊಂಡಿತು. ಎಂಬತ್ತರ ವಯಸ್ಸು; ಕೈಗೆ ಮೊದಲಿನಿಂದಲೂ ನಡುಕ. ಕ್ಷ-ಕಿರಣದ ಪಟ ತೆಗೆಯಿಸಿದರೆ ಮಸುಕಾಗಿ ಬಂದಿತು, ಎರಡನೆಯದೂ ಹಾಗೆಯೇ. "ಅಲುಗಿಸಬೇಡವೆಂದರೆ ಕೇಳಬಾರದೇನಮ್ಮಾ?" ಎಂದು ಗದರಿಸಿಬಿಟ್ಟೆ. ಆಕೆ ತಲೆ ತಗ್ಗಿಸಿದರು.

ಯಂತ್ರ ನಡೆಸುವ ಹಿರಿಯರು ಹೊರಗೆ ಬಂದು, "ತಾಯಿಯವರ ತಪ್ಪಲ್ಲ ಸ್ವಾಮಿ, ಲೆಕ್ಕ ನನ್ನದು" ಎಂದರು. ಕಿರಣದ ಮೊತ್ತವೆಂದರೆ ವಿದ್ಯುತ್ಪ್ರವಾಹವನ್ನು ಕಾಲದಿಂದ ಗುಣಿಸಿದಷ್ಟು. 50 ಮಿಲಿಆಂಪಿಯರನ್ನು ಸೆಕೆಂಡಿನ ಹತ್ತನೆಯ ಒಂದಂಶ ಹರಿಸಿದರೂ, 200ನ್ನು ನಲವತ್ತನೆಯ ಒಂದಂಶ ಹರಿಸಿದರೂ ಮೊತ್ತವೊಂದೇ. ಆದರೆ ಎರಡನೆಯದರಲ್ಲಿ ಕೈಗೆ ನಡುಗಲು ವೇಳೆಯೇ ಸಾಲದು. ಕಿಲೋವೋಲ್ಟನ್ನು ಅವರು ಮುಟ್ಟಲಿಲ್ಲ. ಅದು ಏರಿದರೆ ಕಿರಣ ಹೆಚ್ಚು ತೂರುವುದು ನಿಜ, ಎಲುಬಿಗೂ ಮಾಂಸಕ್ಕೂ ಇರುವ ಭೇದ ಮಾತ್ರ ಮಂಕಾಗುವುದು.

ಮೂರನೆಯ ಪಟದಲ್ಲಿ ಎಲುಬಿನ ಕೂದಲೆಳೆಯಂತಹ ಬಿರುಕು ಸ್ಪಷ್ಟವಾಗಿ ಕಂಡಿತು.

1895ರ ಡಿಸೆಂಬರಿನಲ್ಲಿ ರಾಂಟ್ಜೆನ್ನನ ಪತ್ನಿ ಸುಮಾರು ಹದಿನೈದು ನಿಮಿಷ ಕೈಯನ್ನು ಅಲುಗಿಸದೆ ಇಟ್ಟಿದ್ದರಂತೆ. ಆ ನಿಶ್ಚಲತೆಯನ್ನು ಮುದುಕರಿಂದ ಬೇಡಬೇಕಾದ ಕಾಲ ಇಂದಿಲ್ಲ. ಅಮ್ಮನ ಕೈ ಈಗ ವಾಸಿಯಾಗಿದೆ. ನಡುಕ ಹಾಗೆಯೇ ಇದೆ. ನನ್ನ ಗದರಿಕೆ ಮಾತ್ರ ನಿಂತಿದೆ.