ಸಿಪ್ಪೆಗೆ ಕೊಟ್ಟ ದುಡ್ಡು

ಫ್ರೋಜನ್ ತರಕಾರಿ ದುಡ್ಡಿದ್ದವರ ಸೋಮಾರಿತನ ಎಂಬ ಮಾತನ್ನು ಬಟಾಣಿಯ ಮಟ್ಟಿಗಾದರೂ ತಕ್ಕಡಿಗೆ ಹಾಕಿ ನೋಡಬೇಕು. ಮಳೆಗಾಲದಲ್ಲಿ ಹಸಿ ಬಟಾಣಿ ಕಾಯಿ ಕಿಲೋಗೆ 160 ರೂಪಾಯಿ, ಫ್ರೀಜರಿನ ಪೊಟ್ಟಣ 200 ಎಂದಿಟ್ಟುಕೊಳ್ಳಿ. ಕಾಯಿಯೇ ಅಗ್ಗ ಅನ್ನಿಸುತ್ತದೆ. ಆದರೆ ಕಿಲೋ ಕಾಯಿ ಬಿಡಿಸಿದರೆ ಅರ್ಧ ಕಿಲೋ ಕಾಳು ಸಿಕ್ಕರೆ ಪುಣ್ಯ. ಅದರಲ್ಲೂ ಹುಳುಕು, ಎಳಸು ಆರಿಸಿ ತೆಗೆಯಬೇಕು. ಅಲ್ಲಿಗೆ ಕಾಳಿನ ಬೆಲೆ 320 ದಾಟಿತು. ಮಿಕ್ಕದ್ದು ಸಿಪ್ಪೆಗೆ ಕೊಟ್ಟ ದುಡ್ಡು, ಆ ಸಿಪ್ಪೆ ತಿನ್ನಲು ಬಾಗಿಲಿಗೆ ಬರುವ ಹಸುವೂ ಈಗಿಲ್ಲ. ಇದೇ ಲೆಕ್ಕ ಜನವರಿಯಲ್ಲಿ ತಿರುಗುಮುರುಗು. ಸುಗ್ಗಿಯಲ್ಲಿ ಕಾಯಿ 40ಕ್ಕೆ ಇಳಿದರೆ ಕಾಳು ನೂರರೊಳಗೇ ಬೀಳುತ್ತದೆ. ಆಗಲೂ ಪೊಟ್ಟಣಕ್ಕೆ ಕೈ ಹಾಕುವವರನ್ನು ಸೋಮಾರಿಗಳೆಂದರೆ ನನ್ನ ತಕರಾರಿಲ್ಲ. ಉಳಿತಾಯವಿರುವುದು ಪೊಟ್ಟಣದಲ್ಲಲ್ಲ, ತಿಂಗಳಿನಲ್ಲಿ.

‘ಏನೇ ಆಗಲಿ, ತಾಜಾ ತಾಜಾನೇ’ ಎನ್ನುವವರಿದ್ದಾರೆ. ಗಿಡದಿಂದ ಕಿತ್ತ ಗಳಿಗೆಯಿಂದಲೇ ಬಟಾಣಿಯ ಸಕ್ಕರೆ ಪಿಷ್ಟವಾಗತೊಡಗುತ್ತದೆ. ದೂರದೂರಿನಿಂದ ಲಾರಿಯಲ್ಲಿ ಬಂದು, ಮಾರುಕಟ್ಟೆಯಲ್ಲಿ ಬಿದ್ದಿದ್ದು, ತಳ್ಳುಗಾಡಿಯಲ್ಲಿ ನೀರು ಚಿಮುಕಿಸಿಕೊಂಡು ನಿಂತ ಕಾಯಿ ನೋಟಕ್ಕೆ ಮಾತ್ರ ತಾಜಾ. ಕಾರ್ಖಾನೆಯ ಕಾಳು ಸುಗ್ಗಿಯಲ್ಲಿ ಕೊಯ್ದದ್ದು. ಅದನ್ನು ಒಂದೆರಡು ನಿಮಿಷ ಬಿಸಿನೀರಿಗೋ ಹಬೆಗೋ ಒಡ್ಡುತ್ತಾರೆ. ಇಲ್ಲವಾದರೆ ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಬಣ್ಣ, ರುಚಿ ಕೆಡಿಸುತ್ತವೆ. ಆಮೇಲೆ ಕೊರೆಯುವ ಗಾಳಿಯಲ್ಲಿ ಬೇಗ ಹೆಪ್ಪುಗಟ್ಟಿಸುತ್ತಾರೆ. ಬೇಗ ಗಟ್ಟಿಯಾದರೆ ಮಂಜಿನ ಹರಳು ಸಣ್ಣದಾಗಿ, ಕಾಳಿನ ಒಡಲು ಹರಿಯುವುದಿಲ್ಲ. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಇನ್ಯುಯಿಟ್ ಜನ ಹಿಡಿದ ಮೀನು ಚಳಿಗಾಳಿಗೆ ಆಗಿಂದಾಗಲೇ ಗಟ್ಟಿಯಾಗುವುದನ್ನು ನೋಡಿಯೇ ಕ್ಲಾರೆನ್ಸ್ ಬರ್ಡ್ಸ್‌ಐ ಈ ಗುಟ್ಟು ಕಲಿತದ್ದು. 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ಅಂಗಡಿಗಳಲ್ಲಿ ಅವನ ಪೊಟ್ಟಣಗಳು ಮಾರಾಟಕ್ಕೆ ಬಂದವು. ಬಿಸಿನೀರಿಗೆ ಒಂದಿಷ್ಟು ‘ಸಿ’ ಜೀವಸತ್ವ ಹೋಗುವುದು ನಿಜ. ಬುಟ್ಟಿಯಲ್ಲಿ ನಾಲ್ಕು ದಿನ ಬಾಡುವ ಸೊಪ್ಪಿನಿಂದಲೂ ಹೋಗುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಕೆಡದಿರಲು ‘ಔಷಧಿ’ ಹಾಕಿರಲೇಬೇಕು ಎಂಬ ಗುಮಾನಿಗೂ ಆಧಾರವಿಲ್ಲ. ಸೊನ್ನೆಗಿಂತ 18 ಡಿಗ್ರಿ ಕೆಳಗೆ ಸೂಕ್ಷ್ಮಜೀವಿಗಳು ಬೆಳೆಯಲಾರವು.

ಹಾಗೆಂದು ಇಡೀ ಅಡುಗೆಮನೆಯನ್ನು ಫ್ರೀಜರಿಗೆ ಒಪ್ಪಿಸಬೇಕಿಲ್ಲ. ಹುರುಳಿಕಾಯಿ, ಕ್ಯಾರೆಟ್, ಕೋಸು ಹಾಪ್‌ಕಾಮ್ಸ್‌ನಲ್ಲಿ ವರ್ಷವಿಡೀ ಕಾಲು ಕಿಲೋ ಲೆಕ್ಕದಲ್ಲಿ ಸಿಗುವಾಗ ಅವುಗಳ ಫ್ರೋಜನ್ ಮಿಶ್ರಣ ಕೊಳ್ಳುವುದು ಶುದ್ಧ ದಂಡ. ಸೋರೆ, ಸೌತೆಯಂಥ ನೀರುಕಾಯಿಗಳಂತೂ ಕರಗಿದ ಮೇಲೆ ಮುದ್ದೆ. ನ್ಯೂಜೆರ್ಸಿಯ ಕನ್ನಡಿಗರ ಪಾಡು ಬೇರೆ. ಅಲ್ಲಿ ಅವರೆಕಾಳು ‘ಸುರ್ತಿ ಪಾಪ್ಡಿ ಲಿಲ್ವಾ’ ಎಂಬ ಗುಜರಾತಿ ಹೆಸರಿನಲ್ಲಿ, ತೆಂಗಿನತುರಿ ಇಟ್ಟಿಗೆಯಂಥ ಪೊಟ್ಟಣದಲ್ಲಿ ಫ್ರೀಜರಿನಿಂದಲೇ ಬರಬೇಕು. ಹುಳಿಗೆ ಬೇರೆ ದಾರಿಯಿಲ್ಲ.

ನನಗೆ ಗಟ್ಟಿ ಎನ್ನಿಸುವ ಆಕ್ಷೇಪ ಕರೆಂಟಿನದು. ಕರೆಂಟು ಹೋಗಿ ಅಂಗಡಿಯಲ್ಲೇ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾಲು ರುಚಿಗೂ ಹೊಟ್ಟೆಗೂ ನಂಬಿಕೆಯದಲ್ಲ. ಅದಕ್ಕೆ ಪೊಟ್ಟಣವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ಕಾಳು ಬಿಡಿಬಿಡಿಯಾಗಿ ಸರಸರ ಸರಿದಾಡಿದರೆ ಸರಿ. ಇಡೀ ಪೊಟ್ಟಣ ಒಂದೇ ಹೆಂಟೆಯಾಗಿದ್ದರೆ ಎಷ್ಟೇ ರಿಯಾಯಿತಿ ಕೊಟ್ಟರೂ ಅಲ್ಲೇ ಬಿಟ್ಟು ಬರುವುದು ಲೇಸು, ಅವತ್ತಿನ ಸಾಗು ಆಲೂಗಡ್ಡೆಯಲ್ಲೇ ಆದೀತು.