ಮೆಣಸಿನಕಾಯಿ ಒಡೆಯದ ಹಾಗೆ

ನಮ್ಮವರು ಜಮೈಕಾದಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ಕಾಲದ ಮಾತು ಬಂದರೆ, ನಮ್ಮಿಬ್ಬರಿಗೂ ಮೊದಲು ಬಾಯಿಗೆ ಬರುವುದು ಒಂದು ಮದುವೆಯೂಟ. 1980ರ ದಶಕ, ಡಿಸೆಂಬರ್ ತಿಂಗಳು, ಕ್ಲಾರೆಂಡನ್ ಸೀಮೆಯ ಗುಡ್ಡದೂರು. ಪಕ್ಕದ ಮನೆ ಅಜ್ಜಿಯ ಮೊಮ್ಮಗಳ ಮದುವೆ.

ಮದುವೆ ಗೊತ್ತಾದ ದಿನವೇ ಅಜ್ಜಿ ದೊಡ್ಡ ಗಾಜಿನ ಭರಣಿಯಲ್ಲಿ ಒಣದ್ರಾಕ್ಷಿ, ಒಣಗಿದ ಪ್ಲಮ್ ಹಣ್ಣು, ಚೆರ್ರಿ ತುಂಬಿ, ಮುಳುಗುವಷ್ಟು ರಮ್ ಮತ್ತು ವೈನ್ ಸುರಿದು ಮಂಚದ ಕೆಳಗೆ ತಳ್ಳಿದ್ದರು. ತಿಂಗಳುಗಟ್ಟಲೆ ನೆಂದ ಆ ಹಣ್ಣನ್ನು ಅರೆದು, ಸಕ್ಕರೆಯನ್ನು ಕಪ್ಪಾಗುವಷ್ಟು ಸುಟ್ಟು ಬೆರೆಸಿದರೆ ಕಪ್ಪು ಕೇಕು. ತಮ್ಮ ಕಾಲದಲ್ಲಿ ಬಿಳಿ ಉಡುಪಿನ ಹೆಂಗಸರು ಕೇಕುಗಳನ್ನು ತಲೆ ಮೇಲೆ ಹೊತ್ತು, ಬಿಳಿ ಪರದೆ ಮುಚ್ಚಿ, ಸಾಲಾಗಿ ಮಾತಿಲ್ಲದೆ ನಡೆಯುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಈ ಕೇಕು ಮಾತ್ರ ಯಾರದೋ ಹಳೇ ಕಾರಿನಲ್ಲಿ, ಅಜ್ಜಿಯ ತೊಡೆ ಮೇಲೆ ಕೂತು ಬಂತು.

ಮದುವೆಯ ಹಿಂದಿನ ರಾತ್ರಿ ದೀವಿ ಹಲಸಿನ ಮರದಡಿ ಒಲೆ ಹೂಡಿದ್ದು ಗಂಡಸರು. ಎರಡು ಹೋತ ಬಿದ್ದಿದ್ದವು. ಬೆಂಕಿಯಲ್ಲಿ ತಲೆಯ ಕೂದಲು ಸುಡುವ ವಾಸನೆ ಬಂದದ್ದೇ ತಡ, ನಮ್ಮವರು ಓಡಿಬಂದು, "ಏ ಬಾರೇ ಇಲ್ಲಿ, ನಮ್ಮ ಮಂಡ್ಯದಂಗೇ ತಲೆ ಸುಡ್ತಾವ್ರೆ!" ಅಂದರು. ತಲೆ, ಕಾಲು, ಬೋಟಿ ಎಲ್ಲ ಒಂದೇ ಹಂಡೆಗೆ. ಜೊತೆಗೆ ಹಸಿ ಬಾಳೆಕಾಯಿ, ಯಾಮ್ ಗೆಡ್ಡೆ, ಅಂಗೈಯಲ್ಲಿ ಹೊಸೆದ ಮೈದಾ ಹಿಟ್ಟಿನ ಉಂಡೆ. ಅದರ ಹೆಸರು ಮ್ಯಾನಿಶ್ ವಾಟರ್, ಗಂಡಸುತನದ ನೀರು! ಮದುಮಗನಿಗೆ ಬಟ್ಟಲು ತುಂಬ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಸುತ್ತ ನಿಂತು ನಗುವುದೇ ಒಂದು ಶಾಸ್ತ್ರ.

ಉಳಿದ ಬಾಡು ಕರಿ ಗೋಟ್‌ಗೆ. ಕಾದ ಎಣ್ಣೆಯಲ್ಲಿ ಕರಿ ಪುಡಿಯನ್ನು ಬಣ್ಣ ತಿರುಗುವವರೆಗೆ ಹುರಿದರು. ಅರಿಶಿನ ಮುಂದು, ಖಾರ ಹಿಂದು. ನಮ್ಮ ಸಾರೇ ಅನ್ನುವಷ್ಟರಲ್ಲಿ ಪಿಮೆಂಟೊ ಕಾಳು, ಥೈಮ್ ಎಲೆಯ ಘಮ ಬಂದು ಅಲ್ಲ ಅನ್ನಿಸುತ್ತಿತ್ತು. ಈ ನಂಟು ಹಳೆಯದು. 1845ರ ಮೇ 10ರಂದು ಜಮೈಕಾದ ಓಲ್ಡ್ ಹಾರ್ಬರ್ ಬೇ ತೀರಕ್ಕೆ ಭಾರತದ ಕೂಲಿಗಳ ಮೊದಲ ಹಡಗು ಬಂತು. 1917ರವರೆಗೆ ಕಬ್ಬಿನ ಗದ್ದೆಗೆಂದು ಬಂದವರು ಸುಮಾರು 36,000 ಮಂದಿ. ಅವರ ಬಡ ಅಡುಗೆಮನೆಯ ಮಸಾಲೆ ಇವತ್ತು ಇಡೀ ದ್ವೀಪದ ಮದುವೆಯ ಸಾರು.

ಅಲ್ಲಿಯತನಕ ಯಾರ ಮನೆಗೆ ಹೋದರೂ ನನ್ನನ್ನು ಕುರ್ಚಿ ಮೇಲೆ ಕೂರಿಸಿ ಉಪಚರಿಸುತ್ತಿದ್ದರು. ಆ ರಾತ್ರಿ ಅಜ್ಜಿ ಒಂದು ಬುಟ್ಟಿ ತೆಂಗಿನಕಾಯಿ ತಂದು ಮುಂದಿಟ್ಟು, "ತುರಿ" ಅಂದರು. ಕಾಳು ಹಾಕಿದ ಅನ್ನಕ್ಕೆ ಕಾಯಿಹಾಲು ಬೇಕಿತ್ತು. ಕಾಳು ಯಾವುದೆಂದು ನೋಡಿದರೆ ಹಸಿ ತೊಗರಿ! ಅವರು ಗಂಗೊ ಪೀಸ್ ಅನ್ನುತ್ತಾರೆ, ಕ್ರಿಸ್‌ಮಸ್ ಕಾಲದ ಬೆಳೆ. ಕೊನೆಗೆ ಇಡಿಯಾದ ಒಂದು ಸ್ಕಾಚ್ ಬಾನೆಟ್ ಮೆಣಸಿನಕಾಯಿ ಅನ್ನದ ಮೇಲೆ ಕೂರಿಸಿ ಮುಚ್ಚಿದರು. ಅದು ಘಮ ಬಿಡಬೇಕು, ಒಡೆಯಬಾರದು. ಒಡೆದರೆ ಊರಿಗೆ ಊರೇ ಬಾಯಿ ಉರಿದು ಕೂರಬೇಕು. ಅದನ್ನು ಕಾಯುವ ಕೆಲಸ ನನ್ನದು. ಸೌಟು ಹಿಡಿದು, ಉಸಿರು ಬಿಗಿಹಿಡಿದು, ಅದನ್ನು ಇಡಿಯಾಗಿ ಎತ್ತಿ ತಟ್ಟೆಗಿಟ್ಟಾಗ ಹೆಂಗಸರೆಲ್ಲ ಹೋ ಎಂದರು. ಅಜ್ಜಿ ಏನೂ ಹೇಳಲಿಲ್ಲ, ಎರಡನೇ ಹಂಡೆಯ ಕಡೆ ಗಲ್ಲ ತೋರಿಸಿದರು.

ಈಗಲೂ ತೊಗರಿ ಕಾಲ ಬಂದರೆ ನಮ್ಮ ಮನೆಯಲ್ಲಿ ಆ ಅನ್ನ ಆಗುತ್ತದೆ. ಆ ಮೆಣಸಿನಕಾಯಿ ಸಿಗದೆ ಒಂದು ದಪ್ಪ ಹಸಿಮೆಣಸು ಇಡುತ್ತೇನೆ. ಮುಚ್ಚಳ ತೆಗೆಯುವಾಗ ನಮ್ಮವರು ಪೇಪರ್ ಮಡಚಿಟ್ಟು ಎದ್ದು ಬರುತ್ತಾರೆ. "ಮೆಲ್ಲಗೆ ಕಣೇ" ಅನ್ನುತ್ತಾರೆ.